ಯೂಫ್ರೇಟೀಸ್ ಬತ್ತಿದ್ದಕ್ಕೂ ಆ ನಾಲ್ವರು ದೂತರಿಗೂ ಏನು ಸಂಬಂಧ?

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಯೂಫ್ರೇಟೀಸ್ ನದಿ ಬತ್ತುತ್ತಿರುವ ಬಗ್ಗೆ ಒಂದು ಬರಹ ಬಂದಿತ್ತು. ನದಿಯ ಬಗ್ಗೆ ಬರೆದದ್ದು ಚೆನ್ನಾಗಿಯೇ ಇತ್ತು. ಆದರೆ ಪಕ್ಕದಲ್ಲಿ ಒಂದು ಚೌಕ ಹಾಕಿ, ಈ ನದಿ ಬತ್ತಿದ ದಿನ ಅದರ ತಳದಲ್ಲಿ ಕಟ್ಟಿಹಾಕಿರುವ ನಾಲ್ವರು ದೇವದೂತರು ಬಿಡುಗಡೆಯಾಗುತ್ತಾರೆ, ಆಮೇಲೆ ಲೋಕ ಮುಗಿಯುತ್ತದೆ ಎಂದು ಬೈಬಲ್ ಹೇಳುತ್ತದೆ ಅಂತ ಬರೆದಿದ್ದೀರಿ. ಬೈಬಲ್ ಹಾಗೆ ಹೇಳುವುದಿಲ್ಲ. ಅಷ್ಟು ಹೇಳಲು ಒಂದು ಕಾರ್ಡು ಸಾಕಿತ್ತು, ಬರೆಯುತ್ತಾ ಹೋದಂತೆ ಉದ್ದವಾಯಿತು. ಕತ್ತರಿ ಹಾಕುವುದಾದರೆ ನನ್ನ ಬಗ್ಗೆ ಇರುವುದನ್ನು ಕತ್ತರಿಸಿ, ಅಧ್ಯಾಯ ವಚನದ ಲೆಕ್ಕ ಮಾತ್ರ ಉಳಿಸಿ.

ನಾನು ಪಾದ್ರಿ ಅಲ್ಲ, ಪಂಡಿತನೂ ಅಲ್ಲ. ಅಂಚೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದವನು. ಅದರಲ್ಲಿ ಹೆಚ್ಚಿನ ವರ್ಷ ಸೈಕಲ್ ಮೇಲೆ ಬಟವಾಡೆ ಮಾಡಿದವನು. ಬೆಟಗೇರಿಯಲ್ಲಿ ಬಾಸೆಲ್ ಮಿಶನ್ ಕಾಲದಿಂದ ಬಂದ ಕ್ರೈಸ್ತ ಮನೆತನ ನಮ್ಮದು. ಭಾನುವಾರ ಆರಾಧನೆ ಮುಗಿದ ಮೇಲೆ ನಾವು ಏಳೆಂಟು ಜನ ಕೂತು ಬೈಬಲ್ ಓದುತ್ತೇವೆ. ಈಗ ಎರಡು ವರ್ಷದಿಂದ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯೇ ನಡೆದಿದೆ, ಇಪ್ಪತ್ತೆರಡೇ ಅಧ್ಯಾಯ, ಆದರೂ ಮುಗಿದಿಲ್ಲ, ಯಾಕೆಂದರೆ ಪ್ರತಿ ವಾರ ಯಾರಾದರೂ ಮೊಬೈಲಿನಲ್ಲಿ ಒಂದು ಹೊಸ ವಿಡಿಯೊ ಹಿಡಿದುಕೊಂಡು ಬರುತ್ತಾರೆ.

ನಿಮ್ಮ ಬರಹ ಬಂದ ದಿನ ಸಂಜೆ ನಮ್ಮ ಓಣಿಯ ಆಯಿ ಬಾಗಿಲಿಗೆ ಬಂದು ನಿಂತರು. ಎಂಬತ್ತರ ಮೇಲಿನ ವಯಸ್ಸು. ಅವರಿಗೆ ಓದಲು ಬರುವುದಿಲ್ಲ, ಮೊಮ್ಮಗಳು ಓದಿ ಹೇಳಿದ್ದಾಳೆ. "ಏ ತಮ್ಮಾ, ಆ ನಾಕು ಮಂದಿನ್ನ ಬಿಟ್ರಂತಲ್ಲೋ. ವಾಟ್ಸಾಪಿನ್ಯಾಗ ಬಂದಾಗ ಸುಳ್ಳ ಇರಬೇಕ ಅಂದ್ಕೊಂಡಿದ್ದೆ, ಈಗ ಪೇಪರದಾಗೂ ಬಂದೈತಿ. ನಮ್ಮ ಹುಡುಗ ದುಬೈದಾಗ ಅದಾನ, ಅಲ್ಲಿಂದ ಆ ಹೊಳಿ ಎಷ್ಟ ದೂರ ಆಕ್ಕೈತಿ?" ಅಂದರು. ಪೇಪರಿನಲ್ಲಿ ಬಂದರೆ ನಿಜ ಅಂತ ನಂಬುವವರು ಇನ್ನೂ ಇದ್ದಾರೆ, ಅದು ನಿಮಗೂ ಗೊತ್ತಿರಲಿ ಅಂತ ಇದನ್ನು ಬರೆದೆ.

ಈಗ ಲೆಕ್ಕಕ್ಕೆ ಬರುತ್ತೇನೆ. ನಾಲ್ವರು ದೂತರ ಮಾತು ಇರುವುದು ಪ್ರಕಟನೆ 9ನೇ ಅಧ್ಯಾಯದ 13ರಿಂದ 15ನೇ ವಚನದಲ್ಲಿ. ಅಲ್ಲಿ ಆರನೆಯ ದೂತ ತುತೂರಿ ಊದುತ್ತಾನೆ. ಚಿನ್ನದ ಯಜ್ಞವೇದಿಯ ಕೊಂಬುಗಳಿಂದ ಒಂದು ಧ್ವನಿ ಬಂದು, ಯೂಫ್ರೇಟೀಸ್ ಮಹಾನದಿಯ ಬಳಿ ಕಟ್ಟಿರುವ ನಾಲ್ವರು ದೂತರನ್ನು ಬಿಚ್ಚು ಎನ್ನುತ್ತದೆ. ನದಿ ಬತ್ತಿದ ಮಾತೇ ಅಲ್ಲಿ ಇಲ್ಲ. ನೀರಿನ ತಳದಲ್ಲಿ ಅನ್ನುವ ಮಾತೂ ಇಲ್ಲ, ನದಿಯ ಬಳಿ ಅಂತ ಇದೆ ಅಷ್ಟೇ. ನದಿ ಬತ್ತುವ ಮಾತು ಬರುವುದು ಏಳು ಅಧ್ಯಾಯ ದಾಟಿದ ಮೇಲೆ, 16ನೇ ಅಧ್ಯಾಯದ 12ನೇ ವಚನದಲ್ಲಿ. ಅಲ್ಲಿ ಇನ್ನೊಬ್ಬ ಆರನೆಯ ದೂತ ತನ್ನ ಪಾತ್ರೆಯಲ್ಲಿದ್ದದ್ದನ್ನು ನದಿಗೆ ಸುರಿಯುತ್ತಾನೆ, ನೀರು ಬತ್ತುತ್ತದೆ, ಮೂಡಣದ ರಾಜರು ಬರಲು ದಾರಿ ಆಗುತ್ತದೆ. ಅಲ್ಲಿ ಕಟ್ಟಿಹಾಕಿದ ದೂತರು ಯಾರೂ ಇಲ್ಲ. ವಿಡಿಯೊ ಮಾಡಿದವರು ಎರಡನ್ನೂ ಹೊಲಿದು ಒಂದು ಮಾಡಿದ್ದಾರೆ, ಯಾವುದೋ ಗುಹೆಯ ಚಿತ್ರ ತೋರಿಸಿ ಒಳಗಿನಿಂದ ಕೂಗು ಕೇಳಿಸುತ್ತದೆ ಅಂತ ಒಂದು ಸದ್ದನ್ನೂ ಸೇರಿಸಿದ್ದಾರೆ. ನಿಮ್ಮ ಚೌಕದಲ್ಲಿ ಬಂದದ್ದು ಅದೇ ಹೊಲಿಗೆ.

ನದಿ ಯಾಕೆ ಬತ್ತುತ್ತಿದೆ ಅನ್ನುವುದು ನಿಮ್ಮ ಬರಹದಲ್ಲೇ ಇತ್ತು. ಮೇಲೆ ಟರ್ಕಿಯಲ್ಲಿ ಸಾಲು ಅಣೆಕಟ್ಟೆ, ನಡುವೆ ಸಿರಿಯಾದಲ್ಲಿ ತಬ್ಕಾ ಅಣೆಕಟ್ಟೆ, ಕೊನೆಗೆ ಇರಾಕ್. 1990ರ ಜನವರಿಯಲ್ಲಿ ಅತಾತುರ್ಕ್ ಜಲಾಶಯ ತುಂಬಿಸಲು ಟರ್ಕಿ ಒಂದು ತಿಂಗಳು ನೀರು ನಿಲ್ಲಿಸಿದ್ದಕ್ಕೆ ಕೆಳಗಿನ ಎರಡೂ ದೇಶ ಜಗಳಕ್ಕೆ ನಿಂತಿದ್ದವು. ಅದರ ಮೇಲೆ ಬರಗಾಲ. ಇದು ನಮ್ಮ ಗದಗ ಜಿಲ್ಲೆಯವರಿಗೆ ಹೇಳಿಕೊಡಬೇಕಾದ ಪಾಠವೇನೂ ಅಲ್ಲ. ಮಲಪ್ರಭೆ ಬತ್ತಿದರೆ ನರಗುಂದದ ರೈತರು ದೇವದೂತರನ್ನು ಹುಡುಕಲಿಲ್ಲ, ಮಹದಾಯಿ ನೀರು ಕೊಡಿ ಅಂತ ಧರಣಿ ಕೂತರು.

ಹಾಗಾದರೆ ಆ ನದಿಯ ಹೆಸರೇ ಯಾಕೆ ಬಂತು ಅಂತ ಕೇಳಬಹುದು. ಈ ಪ್ರಕಟನೆ ಪುಸ್ತಕವನ್ನು ಯೋಹಾನನು ಬರೆದಾಗ ಯೂಫ್ರೇಟೀಸ್ ಅಂದರೆ ರೋಮ್ ಸಾಮ್ರಾಜ್ಯದ ಮೂಡಣ ಗಡಿ. ಆಚೆಗೆ ಪಾರ್ಥಿಯನ್ನರು. ಕುದುರೆಯ ಮೇಲೆ ಕೂತು ಹಿಂದಕ್ಕೆ ತಿರುಗಿ ಬಾಣ ಬಿಡುವವರು. ಕ್ರಿಸ್ತಪೂರ್ವ 53ರಲ್ಲಿ ಕಾರ್ಹೆ ಎಂಬಲ್ಲಿ ರೋಮಿನ ಕ್ರಾಸಸ್‌ನ ಸೈನ್ಯವನ್ನು ಅವರು ಪುಡಿ ಮಾಡಿದ್ದರು, ಆ ಭಯ ತಲೆಮಾರುಗಟ್ಟಲೆ ಉಳಿದಿತ್ತು. ಆ ಕಾಲದ ಓದುಗನಿಗೆ 'ಯೂಫ್ರೇಟೀಸ್ ಬಳಿ ಕಟ್ಟಿದವರನ್ನು ಬಿಚ್ಚಿದರು, ಇಪ್ಪತ್ತು ಕೋಟಿ ಕುದುರೆ ಸವಾರರು ಬಂದರು' ಅಂದರೆ ಮೈ ಜುಮ್ಮೆನ್ನುತ್ತಿತ್ತು. ಅದಕ್ಕೂ ಹಿಂದೆ ಅಶ್ಶೂರದವರು, ಬಾಬೆಲಿನವರು ಬಂದದ್ದೂ ಆ ನದಿಯ ಕಡೆಯಿಂದಲೇ. ಹೆದರಿಕೆ ಬರುವ ದಿಕ್ಕು ಅದು. ಇಷ್ಟು ತಿಳಿದುಕೊಂಡು ಓದಿದರೆ ವಚನ ತಾನೇ ಮಾತಾಡುತ್ತದೆ. ಇವತ್ತಿನ ನಾಲ್ಕು ದೇಶಗಳ ಹೆಸರು ತಂದು ನಾಲ್ಕು ದೂತರಿಗೆ ಅಂಟಿಸಬೇಕಾಗಿಲ್ಲ.

ನನಗೆ ಈ ಪುಸ್ತಕದಲ್ಲಿ ಜಾಸ್ತಿ ಹಿಡಿಸುವುದು ದೂತ ಅನ್ನುವ ಮಾತೇ. ಇಂಗ್ಲಿಷಿನವರು ಏಂಜೆಲ್ ಅಂದ ಕೂಡಲೇ ಬಿಳಿ ರೆಕ್ಕೆ, ಹಾಲುಗಲ್ಲದ ಮಗು, ಕ್ರಿಸ್ಮಸ್ ಕಾರ್ಡು ನೆನಪಿಗೆ ಬರುತ್ತದೆ. ನಮ್ಮ ಕನ್ನಡ ಬೈಬಲಿನಲ್ಲಿ ದೂತ ಅಂತ ಇದೆ, ಅದು ಮೂಲಕ್ಕೆ ತುಂಬಾ ಹತ್ತಿರ. ಹೀಬ್ರೂವಿನ ಮಲಾಖ್, ಗ್ರೀಕಿನ ಆಂಗೆಲೊಸ್, ಎರಡಕ್ಕೂ ಅರ್ಥ ಸುದ್ದಿ ಒಯ್ಯುವವನು ಅಂತಲೇ. ಮನುಷ್ಯನೂ ಆಗಬಹುದು, ಪರಲೋಕದವನೂ ಆಗಬಹುದು. ಲೂಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಸ್ನಾನಿಕನಾದ ಯೋಹಾನ ಸೆರೆಮನೆಯಿಂದ ಯೇಸುವಿನ ಹತ್ತಿರ ಕಳಿಸಿದ ಇಬ್ಬರಿಗೂ ಗ್ರೀಕಿನಲ್ಲಿ ಇದೇ ಮಾತು. ರಾಹಾಬಳು ಮನೆಯಲ್ಲಿ ಅಡಗಿಸಿಟ್ಟ ಗೂಢಚಾರರಿಗೆ ಯಾಕೋಬನ ಪತ್ರದಲ್ಲಿ ಇದೇ ಮಾತು. ಮಲಾಕಿ ಎಂಬ ಪ್ರವಾದಿಯ ಹೆಸರಿನ ಅರ್ಥವೇ 'ನನ್ನ ದೂತ'. ನಾನು ಕೆಲಸದಲ್ಲಿದ್ದಾಗ ನಮ್ಮ ಪಾಳಕರು (ಪಾದ್ರಿಗಳು) ತಮಾಷೆಗೆ, ಗ್ರೀಕ್ ಪ್ರಕಾರ ನೀನೂ ಒಬ್ಬ ಆಂಗೆಲೊಸ್ ಕಣಯ್ಯಾ ಅಂತಿದ್ದರು. ಬೇಸಿಗೆಯ ಮಧ್ಯಾಹ್ನ ಬೆವರು ಸುರಿಸಿಕೊಂಡು ನಿಂತವನಿಗೆ ಹೀಗಂದರೆ ನಗುವುದೋ ಅಳುವುದೋ.

ಈ ಎರಡು ಅರ್ಥದಿಂದಲೇ ಮೊದಲ ಮೂರು ಅಧ್ಯಾಯದಲ್ಲಿ ಒಂದು ದೊಡ್ಡ ತೊಡಕು ಹುಟ್ಟಿದೆ. ಯೋಹಾನನು ಪತ್ಮೋಸ್ ದ್ವೀಪದಿಂದ ಏಳು ಸಭೆಗಳಿಗೆ, ಅಂದರೆ ಏಳು ಊರಿನ ಕ್ರೈಸ್ತ ಸಮುದಾಯಗಳಿಗೆ, ಬರೆಯುತ್ತಾನೆ. ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ. ಎಲ್ಲ ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿವೆ, ಸ್ಮುರ್ನ ಅಂದರೆ ಇವತ್ತಿನ ಇಜ್ಮಿರ್. ನಕಾಶೆ ತೆಗೆದು ನೋಡಿ, ಹೇಳಿದ ಕ್ರಮದಲ್ಲೇ ಊರಿನಿಂದ ಊರಿಗೆ ಗೆರೆ ಎಳೆದರೆ ಉತ್ತರಕ್ಕೆ ಹೋಗಿ ಆಗ್ನೇಯಕ್ಕೆ ಇಳಿಯುವ ಒಂದು ಸುತ್ತು ಆಗುತ್ತದೆ. ವಿಲಿಯಂ ರಾಮ್ಸೇ ಎಂಬ ಸ್ಕಾಟ್ಲೆಂಡಿನ ವಿದ್ವಾಂಸರು 1904ರಲ್ಲಿ, ಇದು ಪತ್ರ ಒಯ್ಯುವವನ ದಾರಿ, ಈ ಏಳೂ ಸುತ್ತಲಿನ ಊರುಗಳಿಗೆ ಪತ್ರ ಹಂಚುವ ಕೇಂದ್ರಗಳು ಅಂತ ವಾದಿಸಿದರು. ಎಲ್ಲರೂ ಒಪ್ಪಿಲ್ಲ. ನಾನು ಮಾತ್ರ ಆ ನಕಾಶೆ ನೋಡಿದ ಕೂಡಲೇ ಒಪ್ಪಿಬಿಟ್ಟೆ, ಯಾಕೆಂದರೆ ನನ್ನ ಬೀಟ್ ಕೂಡ ಹಾಗೇ ಇತ್ತು, ಹೋದ ದಾರಿಯಲ್ಲಿ ತಿರುಗಿ ಬರದಂತೆ ಸುತ್ತು ಹಾಕುವುದು.

ತೊಡಕು ಏನೆಂದರೆ, ಪ್ರತಿ ಪತ್ರವೂ ಸಭೆಗೆ ಅಂತ ಇಲ್ಲ, 'ಎಫೆಸ ಸಭೆಯ ದೂತನಿಗೆ ಬರೆ' ಅಂತ ಇದೆ. ಯಾರಪ್ಪ ಈ ದೂತ? ಪರಲೋಕದ ದೂತ ಅಂದರೆ ಅವನಿಗೆ ಕಾಗದ ಬರೆಯಲು ಮನುಷ್ಯನ ಕೈ ಯಾಕೆ, ಅದೂ ಅಲ್ಲದೆ 'ಮೊದಲಿನ ಪ್ರೀತಿ ಬಿಟ್ಟಿದ್ದೀ, ತಿರುಗಿಕೋ' ಅಂತ ಬೈಸಿಕೊಳ್ಳುವವನು ಪರಲೋಕದವನು ಹೇಗಾದಾನು? ಸಭೆಯ ಪಾಳಕ ಅಂದರೆ, ಪುಸ್ತಕದ ಉಳಿದ ಕಡೆಯೆಲ್ಲಾ ಈ ಮಾತು ಸುಮಾರು ಅರವತ್ತು ಸಲ ಬಂದು ಎಲ್ಲೂ ಮನುಷ್ಯ ಅನ್ನುವ ಅರ್ಥ ಕೊಡುವುದಿಲ್ಲ, ಇಲ್ಲಿ ಮಾತ್ರ ಹೇಗೆ? ಪತ್ಮೋಸಿಗೆ ಬಂದು ಪತ್ರ ತೆಗೆದುಕೊಂಡು ಹೋದ ಆಳುಗಳು ಅನ್ನುವವರಿದ್ದಾರೆ. ಇಡೀ ಸಭೆಯ ಮನೋಭಾವಕ್ಕೇ ಕೊಟ್ಟ ರೂಪ ಅನ್ನುವವರೂ ಇದ್ದಾರೆ. ಮೂರನೆಯ ಶತಮಾನದ ಒರಿಗೆನ್ ಒಂದು ಜಾಣ ದಾರಿ ಹುಡುಕಿದರು, ಪ್ರತಿ ಸಭೆಗೂ ಕಣ್ಣಿಗೆ ಕಾಣುವ ಒಬ್ಬ ಬಿಷಪ್, ಕಾಣದ ಒಬ್ಬ ದೂತ, ಇಬ್ಬರೂ ಇದ್ದಾರೆ ಅಂತ. 1ನೇ ಅಧ್ಯಾಯದ ಕೊನೆಯ ವಚನದಲ್ಲಿ ಯೇಸುವೇ ಅರ್ಥ ಬಿಡಿಸುತ್ತಾನೆ, ಏಳು ನಕ್ಷತ್ರ ಅಂದರೆ ಏಳು ಸಭೆಗಳ ದೂತರು ಅಂತ. ನಕ್ಷತ್ರದ ಅರ್ಥ ಸಿಕ್ಕಿತು, ದೂತನ ಅರ್ಥ ಸಿಗಲಿಲ್ಲ. ನಮ್ಮ ಗುಂಪಿನಲ್ಲಿ ಇದರ ಮೇಲೆ ನಾಲ್ಕು ಭಾನುವಾರ ಹೋಯಿತು, ಚಹಾ ಖರ್ಚು ಬೇರೆ.

ಗೊತ್ತಿಲ್ಲ ಅಂತ ಬಿಡಲು ಮನಸ್ಸು ಒಪ್ಪುವುದಿಲ್ಲ, ಅಲ್ವಾ? ಅಲ್ಲಿಂದಲೇ ಹೆಸರು ಹಚ್ಚುವ ಕೆಲಸ ಶುರುವಾಗುತ್ತದೆ. ಏಳು ಸಭೆ ಅಂದರೆ ಚರಿತ್ರೆಯ ಏಳು ಕಾಲ, ಒಂದೊಂದು ಕಾಲಕ್ಕೆ ಒಬ್ಬ ದೂತ ಅಂತ ಪಟ್ಟಿ ಮಾಡಿದವರು ಬಹಳ ಜನ. ಚಾರ್ಲ್ಸ್ ಟೇಜ್ ರಸೆಲ್ ಅಂತ ಅಮೆರಿಕದ ಬೋಧಕರಿದ್ದರು, ಇವತ್ತಿನ ಯೆಹೋವನ ಸಾಕ್ಷಿಗಳ ಬೇರು ಅವರಲ್ಲಿದೆ, 1912ರಲ್ಲಿ ಭಾರತಕ್ಕೂ ಬಂದು ಹೋಗಿದ್ದರು. ಅವರು ತೀರಿಕೊಂಡ ಮರುವರ್ಷ, 1917ರಲ್ಲಿ, ಅವರ ಬಳಗದವರು ತಂದ ಪುಸ್ತಕದಲ್ಲಿ ಏಳು ದೂತರು ಅಂದರೆ ಪೌಲ, ಯೋಹಾನ, ಏರಿಯಸ್, ವಾಲ್ಡೊ, ವಿಕ್ಲಿಫ್, ಲೂಥರ್, ಏಳನೆಯವರು ರಸೆಲ್. ಅವರೇ ಈಗ ಆ ಪಟ್ಟಿ ಹಿಡಿದುಕೊಂಡಿಲ್ಲ. ಕೆಲವು ದಶಕ ಬಿಟ್ಟು ವಿಲಿಯಂ ಬ್ರೆನ್ಹಾಮ್ ಎಂಬ ಇನ್ನೊಬ್ಬ ಅಮೆರಿಕದ ಬೋಧಕರು ಕೊಟ್ಟ ಪಟ್ಟಿ ಪೌಲ, ಐರೇನಿಯಸ್, ಮಾರ್ಟಿನ್, ಕೊಲಂಬ, ಲೂಥರ್, ವೆಸ್ಲಿ. ಏಳನೆಯವರು ಬ್ರೆನ್ಹಾಮ್ ಅವರೇ ಅಂತ ಹಿಂಬಾಲಕರು ನಂಬುತ್ತಾರೆ, ನಮ್ಮ ದೇಶದಲ್ಲೂ ಅಂಥವರಿದ್ದಾರೆ. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. ಲೂಥರ್ ಒಂದರಲ್ಲಿ ಆರನೆಯವರು, ಇನ್ನೊಂದರಲ್ಲಿ ಐದನೆಯವರು. ಏರಿಯಸ್‌ನನ್ನು ಸಭೆ ಪಾಷಂಡಿ ಎಂದು ಹೊರಗೆ ಹಾಕಿತ್ತು, ಒಬ್ಬರಿಗೆ ಅವನೇ ದೂತ. ಕೊನೆಯ ದೂತ ಮಾತ್ರ ಯಾವಾಗಲೂ ಪಟ್ಟಿ ಮಾಡಿದವರ ಮನೆಯವನೇ.

ಇದು ಅಮೆರಿಕದವರ ರೋಗ ಅಂತ ತಿಳಿಯಬೇಡಿ. 14ನೇ ಅಧ್ಯಾಯದ 6ನೇ ವಚನದಲ್ಲಿ ಒಬ್ಬ ದೂತ ಆಕಾಶದ ನಡುವೆ ಹಾರುತ್ತಾ ನಿತ್ಯವಾದ ಸುವಾರ್ತೆ ಸಾರುತ್ತಾನೆ, ದೇವರಿಗೆ ಭಯಪಡಿ, ತೀರ್ಪಿನ ಗಳಿಗೆ ಬಂದಿದೆ ಎನ್ನುತ್ತಾನೆ. ಈ ಒಬ್ಬನಿಗೆ ಎಷ್ಟು ಜನ ವಾರಸುದಾರರು ಗೊತ್ತೇ? ಸ್ಪೇನಿನ ವೆಲೆನ್ಸಿಯದಲ್ಲಿ 1350ರಲ್ಲಿ ಹುಟ್ಟಿದ ವಿನ್ಸೆಂಟ್ ಫೆರರ್, ಊರೂರು ಅಲೆದು ತೀರ್ಪಿನ ದಿನದ ಬಗ್ಗೆ ಸಾರಿದ ಸನ್ಯಾಸಿ. ಆ ದೂತ ನಾನೇ ಅಂತ ಅವರೂ ಹೇಳಿಕೊಂಡರು, ಜನರೂ ನಂಬಿದರು. ಅದಕ್ಕೇ ಅವರ ಚಿತ್ರಗಳಲ್ಲಿ ಬೆನ್ನಿಗೆ ರೆಕ್ಕೆ ಇರುತ್ತದೆ. ಮಂಗಳೂರಿನ ವೆಲೆನ್ಸಿಯದ ಇಗರ್ಜಿ ಇದೇ ಸಂತ ವಿನ್ಸೆಂಟ್ ಫೆರರ್ ಹೆಸರಿನದು, ಕರಾವಳಿಯ ಓದುಗರಿಗೆ ಗೊತ್ತಿರುತ್ತದೆ. ಅವರು ತೀರಿಕೊಂಡು ಆರು ಶತಮಾನ ಆಯಿತು, ಲೋಕ ಇನ್ನೂ ಇದೆ. ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಪಂಥದವರು ಅದೇ ವಚನದ ದೂತನನ್ನು ಮೊರೋನಿ ಅನ್ನುತ್ತಾರೆ, ಅವರ ಅನೇಕ ಆಲಯಗಳ ತುದಿಯಲ್ಲಿ ತುತೂರಿ ಊದುತ್ತಾ ನಿಂತಿರುವ ಚಿನ್ನದ ಬಣ್ಣದ ಮೂರ್ತಿ ಅವನದೇ. ವಚನದಲ್ಲಿ ಅವನ ಕೈಗೆ ತುತೂರಿ ಕೊಟ್ಟಿಲ್ಲ.

ನಮ್ಮ ಪ್ರೊಟೆಸ್ಟೆಂಟರ ಕಥೆ ಇದಕ್ಕಿಂತ ಮಜವಾಗಿದೆ. ನಮ್ಮ ಪಂಥಕ್ಕೆ ಬುನಾದಿ ಹಾಕಿದ ಮಾರ್ಟಿನ್ ಲೂಥರ್ 1546ರ ಫೆಬ್ರುವರಿಯಲ್ಲಿ ತೀರಿಕೊಂಡಾಗ ಜರ್ಮನಿಯ ವಿಟೆನ್‌ಬರ್ಗಿನಲ್ಲಿ ಅಲ್ಲಿನ ಪಾಳಕ ಬೂಗೆನ್‌ಹಾಗೆನ್ ಶವಸಂಸ್ಕಾರದ ಬೋಧನೆ ಮಾಡಿ, ಆ ಹಾರುವ ದೂತ ಈ ಲೂಥರರೇ ಅಂದರು. ಅದಕ್ಕೂ ಮೊದಲೇ, 1522ರಲ್ಲಿ, ಮಿಖಾಯೆಲ್ ಸ್ಟೀಫೆಲ್ ಎಂಬ ಶಿಷ್ಯ ಇದನ್ನೇ ಬರೆದಿದ್ದ. ಈ ಸ್ಟೀಫೆಲ್ ಅಲ್ಲಿಗೆ ನಿಲ್ಲಲಿಲ್ಲ. ಬೈಬಲಿನ ಅಕ್ಷರಗಳನ್ನು ಅಂಕಿ ಮಾಡಿ ಕೂಡಿಸಿ ಕಳೆದು, 1533ರ ಅಕ್ಟೋಬರ್ 19ರಂದು ಬೆಳಿಗ್ಗೆ 8 ಗಂಟೆಗೆ ಲೋಕ ಮುಗಿಯುತ್ತದೆ ಎಂದ. ಲೋಕಾವ್ ಎಂಬ ಊರಿನ ಪಾಳಕ ಅವನು. ಜನ ಕೆಲಸ ಬಿಟ್ಟು ಕಾದರು. 8 ಗಂಟೆ ಆಯಿತು, 9 ಆಯಿತು, ಏನೂ ಆಗಲಿಲ್ಲ, ಪಾಳಕನನ್ನು ಹಿಡಿದು ಕೂಡಿಹಾಕಿದರು. ಆಮೇಲೆ ಅವನು ಭವಿಷ್ಯ ಬಿಟ್ಟು ಗಣಿತ ಹಿಡಿದು, 1544ರಲ್ಲಿ ಒಳ್ಳೆಯ ಪುಸ್ತಕ ಬರೆದ, ಗಣಿತದಲ್ಲಿ ಘಾತಾಂಕಕ್ಕೆ ಎಕ್ಸ್‌ಪೊನೆಂಟ್ ಅನ್ನುವ ಹೆಸರು ಬಂದದ್ದು ಅವನಿಂದಲೇ. ತಲೆ ಚುರುಕಿತ್ತು, ಸರಿಯಾದ ಲೆಕ್ಕ ಸಿಕ್ಕಿರಲಿಲ್ಲ ಅಷ್ಟೇ.

ಲೂಥರ್ ಅವರಿಗೇ ಮೊದಲು ಈ ಪುಸ್ತಕ ಹಿಡಿಸಿರಲಿಲ್ಲ. 1530ರಲ್ಲಿ ಹೊಸ ಮುನ್ನುಡಿ ಬರೆದಾಗ ಅವರೂ ಹೆಸರು ಹಚ್ಚಲು ಕೂತರು. ತುತೂರಿ ಊದುವ ದೂತರಲ್ಲಿ ಮೊದಲ ಕೆಲವರನ್ನು ಹಳೆಯ ಒಬ್ಬೊಬ್ಬ ಪಾಷಂಡಿ ಅಂದರು. ಮೂರನೆಯವನು ಯಾರು ಗೊತ್ತೇ? ಮೇಲೆ ಹೇಳಿದ ಒರಿಗೆನ್. ಸಭೆಗೊಬ್ಬ ಕಾವಲು ದೂತ ಅಂತ ಹೇಳಿಕೊಟ್ಟವನೇ ಪಾಪ ಕೆಟ್ಟ ದೂತನಾಗಿಬಿಟ್ಟ.

ಮತ್ತೆ ಆ ನಾಲ್ವರಿಗೇ ಬರುತ್ತೇನೆ, ಅವರ ಮೇಲೂ ಒಂದು ಪ್ರಸಿದ್ಧ ಲೆಕ್ಕ ಇದೆ. ಆ ದೂತರನ್ನು ಒಂದು ಗಳಿಗೆ, ದಿನ, ತಿಂಗಳು, ವರ್ಷಕ್ಕೆ ಸಿದ್ಧ ಮಾಡಿ ಇಟ್ಟಿತ್ತು ಅಂತ ವಚನ. ಅಮೆರಿಕದ ಜೊಸಾಯ ಲಿಚ್ ಎಂಬ ಬೋಧಕ 1838ರಲ್ಲಿ ಇದನ್ನು ಕೂಡಿಸಿದ. ಒಂದು ದಿನ ಅಂದರೆ ಒಂದು ವರ್ಷ. ಹಾಗಾದರೆ ವರ್ಷಕ್ಕೆ 360, ತಿಂಗಳಿಗೆ 30, ದಿನಕ್ಕೆ 1, ಗಳಿಗೆಗೆ 15 ದಿನ. ಒಟ್ಟು 391 ವರ್ಷ 15 ದಿನ. ಅದಕ್ಕೆ ಮುಂಚಿನ ತುತೂರಿಯ ಐದು ತಿಂಗಳನ್ನು 150 ವರ್ಷ ಮಾಡಿ ಸೇರಿಸಿ, 1299ರ ಜುಲೈ 27ರಿಂದ ಎಣಿಸಿದ. ಒಟ್ಟೊಮನ್ ತುರ್ಕರು ಬೈಜಾಂಟಿಯಂ ಸೀಮೆಗೆ ಮೊದಲು ನುಗ್ಗಿದ ದಿನ ಅದು ಅಂತ ಇತಿಹಾಸಕಾರ ಗಿಬ್ಬನ್ ಬರೆದಿದ್ದ. ಬಂದ ಉತ್ತರ 1840ರ ಆಗಸ್ಟ್, ಆಮೇಲೆ 1840ರಲ್ಲಿ ದಿನವನ್ನೂ ಗೊತ್ತು ಮಾಡಿ, ಆಗಸ್ಟ್ 11ರಂದು ಒಟ್ಟೊಮನ್ ಸಾಮ್ರಾಜ್ಯದ ಅಧಿಕಾರ ಬೀಳುತ್ತದೆ ಅಂದ. ಆ ದಿನಗಳಲ್ಲಿ ಸುಲ್ತಾನ ಈಜಿಪ್ಟಿನ ಮಹಮ್ಮದ್ ಅಲಿಯ ವಿರುದ್ಧ ಯುರೋಪಿನ ರಾಜರ ಸಹಾಯ ಪಡೆದದ್ದು ನಿಜ, ಅದನ್ನೇ ಹಿಡಿದು ಲೆಕ್ಕ ಸರಿಯಾಯಿತು ಅಂತ ಸಾರಿದರು. ಸಾಮ್ರಾಜ್ಯ ಆಮೇಲೂ 1922ರವರೆಗೆ ನಡೆಯಿತು. ಗಿಬ್ಬನ್ ಕೊಟ್ಟ ತಾರೀಖನ್ನೂ ಈಗ ಹೆಚ್ಚಿನವರು 1302 ಅನ್ನುತ್ತಾರೆ. ಅದಕ್ಕಿಂತ ಮುಖ್ಯ, ಗ್ರೀಕ್ ಬಲ್ಲವರ ಪ್ರಕಾರ ಆ ನಾಲ್ಕು ಮಾತು ಕೂಡಿಸುವುದಕ್ಕೆ ಇಟ್ಟದ್ದೇ ಅಲ್ಲ. ಇಂಥ ವರ್ಷದ ಇಂಥ ತಿಂಗಳಿನ ಇಂಥ ದಿನದ ಇಂಥ ಗಳಿಗೆ ಅಂತ, ಗೊತ್ತು ಮಾಡಿದ ಒಂದು ಹೊತ್ತು. ಅಂಚೆ ಠಸ್ಸೆಯ ಮೇಲಿನ ತಾರೀಖನ್ನು ಯಾರಾದರೂ ಕೂಡಿಸುತ್ತಾರೆಯೇ?

ಈ ಲೆಕ್ಕದ ಗಾಳಿಯಲ್ಲೇ ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ಬೋಧಕರ ಬಳಗ ಬೆಳೆದು, 1844ರ ಅಕ್ಟೋಬರ್ 22ರ ರಾತ್ರಿ ಸಾವಿರಾರು ಜನ ಕ್ರಿಸ್ತನ ಬರೋಣಕ್ಕೆ ಕಾದು, ಬೆಳಗಾದಾಗ ಅತ್ತರು. ಅವರಲ್ಲಿ ಉಳಿದವರಿಂದ ಅಡ್ವೆಂಟಿಸ್ಟ್ ಸಭೆ ಹುಟ್ಟಿತು. ನಾನು ಅವರನ್ನು ಹಂಗಿಸಲು ಇದನ್ನು ಬರೆಯುತ್ತಿಲ್ಲ, ನಮ್ಮ ಓದಿನ ಗುಂಪಿನಲ್ಲೂ ಒಬ್ಬರು ಅಡ್ವೆಂಟಿಸ್ಟ್ ಇದ್ದಾರೆ. ಅವರು ಹೇಳಿದ ಒಂದು ಮಾತು ನನಗೆ ಸರಿ ಕಂಡಿತು. 14ನೇ ಅಧ್ಯಾಯದ ಮೂವರು ದೂತರು ಯಾರು ಅಂತ ನಾವು ಹುಡುಕುವುದಿಲ್ಲ, ಅವರು ಹೇಳಿದ ಮೂರು ಸಂದೇಶ ಏನು ಅಂತ ನೋಡುತ್ತೇವೆ ಅಂತ. ಅವರು ಅದರಿಂದ ತೆಗೆಯುವ ಅರ್ಥ ಎಲ್ಲಾ ನಾನು ಒಪ್ಪುವುದಿಲ್ಲ, ಆದರೆ ಹುಡುಕುವ ಜಾಗ ಸರಿಯಾಗಿದೆ.

ಹಾಗಂತ ಯಾವ ದೂತನ ಬಗ್ಗೆಯೂ ಏನೂ ಹೇಳಲೇ ಬಾರದು ಅಂತಲ್ಲ. 10ನೇ ಅಧ್ಯಾಯದಲ್ಲಿ ಬರುವ ಬಲಿಷ್ಠ ದೂತನನ್ನು ನೋಡಿ. ಮೇಘವನ್ನು ಹೊದ್ದಿದ್ದಾನೆ, ತಲೆಯ ಮೇಲೆ ಮಳೆಬಿಲ್ಲು, ಮುಖ ಸೂರ್ಯ, ಕಾಲು ಬೆಂಕಿಯ ಕಂಬ, ಒಂದು ಪಾದ ಸಮುದ್ರದ ಮೇಲೆ, ಇನ್ನೊಂದು ನೆಲದ ಮೇಲೆ. 1498ರಲ್ಲಿ ಜರ್ಮನಿಯ ಚಿತ್ರಕಾರ ಡ್ಯೂರರ್ ಮರದ ಅಚ್ಚಿನಲ್ಲಿ ಇದನ್ನು ಕೆತ್ತಿದಾಗ ನಿಜವಾಗಿಯೂ ಎರಡು ಕಂಬಗಳನ್ನೇ ಕಾಲು ಮಾಡಿಬಿಟ್ಟ, ಮೇಲೆ ಹೊಗೆ, ಅದರೊಳಗೆ ಮುಖ. ಬರೆದದ್ದನ್ನು ಬರೆದಂತೇ ಚಿತ್ರಿಸಿದರೆ ಎಷ್ಟು ವಿಚಿತ್ರ ಆಗುತ್ತದೆ ಅಂತ ಅದನ್ನು ನೋಡಿದರೆ ಗೊತ್ತಾಗುತ್ತದೆ. ಈ ದೂತ ಕ್ರಿಸ್ತನೇ ಅಂತ ಮೂರನೆಯ ಶತಮಾನದ ವಿಕ್ಟೊರಿನಸ್ ಹೇಳಿದರು. ಪ್ರಕಟನೆಯ ಮೇಲೆ ನಮಗೆ ಉಳಿದಿರುವ ಅತಿ ಹಳೆಯ ಲ್ಯಾಟಿನ್ ವ್ಯಾಖ್ಯಾನ ಅವರದು. ಸೂರ್ಯನಂಥ ಮುಖ 1ನೇ ಅಧ್ಯಾಯದಲ್ಲಿ ಕ್ರಿಸ್ತನಿಗೇ ಇದೆ, ಹಾಗಾಗಿ ಇದು ಬರೀ ಊಹೆ ಅಲ್ಲ. ಒಡೆಯನೇ ದೂತನಾಗಿ ಬರುವುದು ಎಲ್ಲಾದರೂ ಉಂಟೇ ಅಂತ ಕೆಲವರು ತಕರಾರು ಮಾಡುತ್ತಾರೆ. ನಮ್ಮ ಜನಕ್ಕೆ ಅದು ತೊಡಕೇ ಅಲ್ಲ, ಕೃಷ್ಣ ಪಾಂಡವರ ದೂತನಾಗಿ ಹಸ್ತಿನಾವತಿಗೆ ಹೋದ ಕಥೆ ಕೇಳಿ ಬೆಳೆದವರು ನಾವು. ನನ್ನ ತಕರಾರು ಬೇರೆ. ಆ ದೂತ ಕೈಯೆತ್ತಿ, ಎಲ್ಲವನ್ನೂ ಸೃಷ್ಟಿಸಿದವನ ಮೇಲೆ ಆಣೆ ಇಡುತ್ತಾನೆ. ಅಂದರೆ ಆಣೆ ಇಡಲು ಅವನಿಗಿಂತ ಮೇಲಿನವನು ಒಬ್ಬ ಬೇಕಾಯಿತು. ಹಳೆಯ ಒಡಂಬಡಿಕೆಯ ದಾನಿಯೇಲನ ಪುಸ್ತಕದ 12ನೇ ಅಧ್ಯಾಯದಲ್ಲಿ ನಾರುಬಟ್ಟೆ ಉಟ್ಟವನು ನದಿಯ ಮೇಲೆ ನಿಂತು ಇಟ್ಟ ಆಣೆಯ ನೆರಳು ಇದು. ದೂತ ಅಂತ ಬರೆದಿದೆ, ನಾನು ದೂತ ಅಂತಲೇ ಓದುತ್ತೇನೆ. ಎದುರು ಪಕ್ಷದವರೂ ದಡ್ಡರಲ್ಲ.

ದಾನಿಯೇಲನ ಹೆಸರು ಬಂತು, ಅದನ್ನೂ ಹೇಳಿಬಿಡುತ್ತೇನೆ. ಪ್ರೊಟೆಸ್ಟೆಂಟರ ಹಳೆಯ ಒಡಂಬಡಿಕೆಯಲ್ಲಿ ಹೆಸರು ಇರುವ ದೂತರು ಇಬ್ಬರೇ, ಗಬ್ರಿಯೇಲ ಮತ್ತು ಮೀಕಾಯೇಲ, ಇಬ್ಬರೂ ಬರುವುದು ದಾನಿಯೇಲನಲ್ಲೇ. 10ನೇ ಅಧ್ಯಾಯದಲ್ಲಿ ಒಬ್ಬ ದೂತ, ಪಾರಸಿಯ ದಿವ್ಯಪಾಲಕ ನನ್ನನ್ನು 21 ದಿನ ತಡೆದ, ಮೀಕಾಯೇಲ ಬಂದು ಸಹಾಯ ಮಾಡಿದ ಎನ್ನುತ್ತಾನೆ. ಟೀವಿಯಲ್ಲಿ ಇರಾನಿನ ಸುದ್ದಿ ಬಂದಾಗಲೆಲ್ಲಾ ಈ ವಚನ ನಮ್ಮ ಫೋನಿಗೆ ಬರುತ್ತದೆ. ಅದೇ ಅಧ್ಯಾಯದ 20ನೇ ವಚನ ಮಾತ್ರ ಯಾರೂ ಕಳಿಸುವುದಿಲ್ಲ, ಅಲ್ಲಿ ಗ್ರೀಸಿನ ಪಾಲಕನೂ ಬರುತ್ತಾನೆ. ಹಾಗಾದರೆ ಇವತ್ತಿನ ಗ್ರೀಸ್ ದೇಶದ ಮೇಲೂ ಒಂದು ವಿಡಿಯೊ ಮಾಡಬೇಕಲ್ಲ? ಮಾಡುವುದಿಲ್ಲ, ಗ್ರೀಸ್ ಸುದ್ದಿಯಲ್ಲಿ ಇಲ್ಲ. ಆ ಅಧ್ಯಾಯ ಹೇಳುವುದು ಸಾಮ್ರಾಜ್ಯ ಒಂದಾದ ಮೇಲೊಂದು ಬರುತ್ತದೆ, ಭೂಮಿಯ ಮೇಲಿನ ಜಗಳಕ್ಕೆ ಮೇಲೂ ಒಂದು ಮಗ್ಗುಲಿದೆ ಅಂತ. ಮೊದಲು ಪಾರಸಿ, ಆಮೇಲೆ ಗ್ರೀಕರು, ಬರೆದವನ ಲೋಕದಲ್ಲಿ ನಡೆದದ್ದೂ ಅದೇ ಕ್ರಮದಲ್ಲಿ.

ಅಂಚೆಯಲ್ಲಿ ನಮಗೊಂದು ನಿಯಮ ಇತ್ತು. ವಿಳಾಸ ಸಾಲದ ಕಾಗದ ಬಂದರೆ ಊರಲ್ಲಿ ವಿಚಾರಿಸಬಹುದು. ಸಿಗದಿದ್ದರೆ ಶರಾ ಬರೆದು ವಾಪಸ್ ಕಳಿಸಬೇಕು. ನಮಗೆ ತೋಚಿದ ಹೆಸರು ಬರೆದು ಯಾರದೋ ಮನೆಯಲ್ಲಿ ಹಾಕಿ ಬರುವ ಹಾಗಿಲ್ಲ. ಹಾಗೆ ಹಾಕಿ ಸಿಕ್ಕಿಬಿದ್ದವರಿಗೆ ಮೆಮೊ ಬರುತ್ತಿತ್ತು. ಈ ಪುಸ್ತಕದಲ್ಲಿ ಅರ್ಥ ಹೇಳಬೇಕಾದ ಕಡೆ ದೂತನೇ ನಿಂತು ಹೇಳುತ್ತಾನೆ. 17ನೇ ಅಧ್ಯಾಯದಲ್ಲಿ ಯೋಹಾನ ಬೆರಗಾಗಿ ನೋಡುತ್ತಿರುವಾಗ, ಯಾಕೆ ಬೆರಗಾದೆ, ಹೇಳುತ್ತೇನೆ ಕೇಳು, ಮೃಗದ ಏಳು ತಲೆ ಅಂದರೆ ಏಳು ಬೆಟ್ಟ ಅಂತ ಬಿಡಿಸುತ್ತಾನೆ. ಏಳು ಬೆಟ್ಟದ ಊರು ಅಂದರೆ ರೋಮ್ ಅಂತ ಆಗ ಮಕ್ಕಳಿಗೂ ಗೊತ್ತಿತ್ತು. ಯೂಫ್ರೇಟೀಸಿನ ನಾಲ್ವರ ಬಗ್ಗೆ ಹಾಗೆ ಯಾರೂ ಬಿಡಿಸಿಲ್ಲ. 7ನೇ ಅಧ್ಯಾಯದಲ್ಲಿ ಭೂಮಿಯ ನಾಲ್ಕು ಮೂಲೆಯಲ್ಲಿ ಗಾಳಿಯನ್ನು ಹಿಡಿದು ನಿಂತ ನಾಲ್ವರೇ ಇವರು ಅಂತ ಕೆಲವರು ಹೇಳುತ್ತಾರೆ. ಆದರೆ ಅವರು ಹಿಡಿದವರು, ಇವರು ಹಿಡಿಸಿಕೊಂಡವರು.

ಇನ್ನೊಂದು ಮಾತು, ಅದನ್ನು ನಿಮ್ಮ ಚೌಕದವರು ಮಾತ್ರ ಅಲ್ಲ, ದೊಡ್ಡ ಮೈದಾನದಲ್ಲಿ ಮೈಕ್ ಹಿಡಿಯುವವರೂ ಬಿಡುತ್ತಾರೆ. ಇಷ್ಟೆಲ್ಲಾ ತೋರಿಸಿದ ದೂತನ ಕಾಲಿಗೆ ಯೋಹಾನ ಎರಡು ಸಲ ಬೀಳುತ್ತಾನೆ, 19ನೇ ಅಧ್ಯಾಯದಲ್ಲಿ ಒಂದು ಸಲ, 22ರಲ್ಲಿ ಇನ್ನೊಂದು ಸಲ. ಎರಡೂ ಸಲ ದೂತ, ಬೇಡ, ನಾನೂ ನಿನ್ನ ಜೊತೆಯ ದಾಸ, ದೇವರನ್ನು ಆರಾಧಿಸು ಎನ್ನುತ್ತಾನೆ. ಒಂದು ಸಲ ಬೈಸಿಕೊಂಡವನು ಮತ್ತೆ ಬಿದ್ದದ್ದು ನನಗೆ ತುಂಬಾ ಮನುಷ್ಯ ಸಹಜ ಅನಿಸುತ್ತದೆ. ಆ ಸೀಮೆಯಲ್ಲಿ ದೂತರ ಆರಾಧನೆ ಬಲವಾಗಿಯೇ ಇತ್ತು. ಲವೊದಿಕೀಯದ ಪಕ್ಕದ ಊರು ಕೊಲೊಸ್ಸೆ, ಆ ಊರಿನವರಿಗೆ ಬರೆದ ಪತ್ರದಲ್ಲಿ ದೂತರ ಪೂಜೆಯ ಬಗ್ಗೆ ಎಚ್ಚರಿಕೆ ಇದೆ. ನಾಲ್ಕನೆಯ ಶತಮಾನದಲ್ಲಿ ಲವೊದಿಕೀಯದಲ್ಲೇ ಸೇರಿದ ಬಿಷಪ್ಪರ ಸಭೆ ದೂತರ ಹೆಸರು ಹಿಡಿದು ಗುಂಪು ಕಟ್ಟುವುದನ್ನು ನಿಷೇಧಿಸಬೇಕಾಯಿತು. ಅಂದರೆ ಮುನ್ನೂರು ವರ್ಷ ಆದರೂ ಜನ ಬಿಟ್ಟಿರಲಿಲ್ಲ.

ಆಯಿಗೆ ಆ ಸಂಜೆ ಇಷ್ಟೆಲ್ಲಾ ಹೇಳಲಿಲ್ಲ. ಎರಡು ಅಧ್ಯಾಯ ಓದಿ ತೋರಿಸಿದೆ, ಅಣೆಕಟ್ಟೆಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. "ಹಂಗಾದ್ರ ಆ ನಾಕು ಮಂದಿ ಯಾರು?" ಅಂದರು. "ಗೊತ್ತಿಲ್ಲ ಆಯಿ, ಬರದಿಲ್ಲ" ಅಂದೆ. "ಇಷ್ಟ ಓದೀನೂ ಗೊತ್ತಿಲ್ಲೇನು?" ಅಂತ ನಕ್ಕು, ದುಬೈಗೆ ಫೋನ್ ಹಚ್ಚಿಕೊಡು ಅಂದರು. ಹಚ್ಚಿಕೊಟ್ಟೆ.

ದಯವಿಟ್ಟು ತಿದ್ದುಪಡಿ ಹಾಕಿ. ಯಾವುದೋ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬೇಡ, ಅದೇ ಪುರವಣಿಯಲ್ಲಿ, ಅದೇ ಅಳತೆಯ ಚೌಕದಲ್ಲಿ. ನಾಲ್ವರು ದೂತರು 9ನೇ ಅಧ್ಯಾಯ, ನದಿ ಬತ್ತುವುದು 16ನೇ ಅಧ್ಯಾಯ, ಒಂದಕ್ಕೂ ಇನ್ನೊಂದಕ್ಕೂ ಪುಸ್ತಕ ಗಂಟು ಹಾಕಿಲ್ಲ, ಇಷ್ಟು ಬರೆದರೆ ಸಾಕು. ಮುಂದಿನ ಭಾನುವಾರ ಆಯಿಯ ಮೊಮ್ಮಗಳಿಗೆ ಓದಲು ಹೇಳಿದ್ದೇನೆ.

ನಿಮ್ಮ ಓದುಗ,
ನಿವೃತ್ತ ಅಂಚೆ ನೌಕರ, ಬೆಟಗೇರಿ